ಪಾಳಿಯ ಹೊಲ

ಅಥಣಿಯಿಂದ ಕಾಗವಾಡದ ಕಡೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕುಳಿತವರಿಗೆ ಸನದಿಯವರ ಹೊಲವನ್ನು ಯಾರೂ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಆಚೆ ಕಬ್ಬು, ಈಚೆ ಕಬ್ಬು, ಹಿಂದೆ ದ್ರಾಕ್ಷಿಯ ತೋಟ, ನಡುವೆ ಐದೆಕರೆ ಬಿಳಿಜೋಳ. ಸುತ್ತಲಿನವರು ಕಬ್ಬು ಬೆಳೆದು ಮಾಳಿಗೆ ಕಟ್ಟಿಸಿದರು, ದ್ರಾಕ್ಷಿ ಬೆಳೆದು ಜೀಪು ತಂದರು. ಈ ಹೊಲ ಮಾತ್ರ ಎರಡು ಸಾವಿರದ ಹತ್ತನೆಯ ಇಸವಿ ಬಂದರೂ ಜೋಳ ಬಿಟ್ಟು ಅಲುಗಲಿಲ್ಲ. ಹೊಸದಾಗಿ ಬಂದ ಕೃಷಿ ಸಹಾಯಕನೊಬ್ಬ ಈ ಮನೆಯವರು ಮೈಗಳ್ಳರಿರಬೇಕೆಂದು ತಿಳಿದು ಬುದ್ಧಿ ಹೇಳಲು ಬಂದಿದ್ದ. ರಾವಸಾಹೇಬರು ಅವನಿಗೆ ಚಹಾ ಕುಡಿಸಿ ಪಾಳಿಯ ಕಥೆ ಹೇಳಿ ಕಳಿಸಿದರು. ಅವನು ಮತ್ತೆ ಬರಲಿಲ್ಲ.

ಆ ಕಥೆ ಒಂದು ಯುದ್ಧದಿಂದ ಶುರುವಾಗುತ್ತದೆ. ಯಾವ ಯುದ್ಧವೆಂದು ಮನೆಯವರಿಗೇ ನೆಟ್ಟಗೆ ಗೊತ್ತಿಲ್ಲ. ಕೊಲ್ಲಾಪುರದವರಿಗೂ ಪಟವರ್ಧನರಿಗೂ ಆದದ್ದೆಂದು ಕೆಲವರು, ಪೇಶವೆಗೂ ಇಂಗ್ರೇಜಿಯವರಿಗೂ ಆದದ್ದೆಂದು ಕೆಲವರು. ಅಂತೂ ಈ ಮನೆಯ ಹಿರಿಯನೊಬ್ಬ ಯಡೂರಿನ ಬಳಿ ಹೊಳೆಯ ಕಡವನ್ನು ಈಟಿ ಹಿಡಿದು ಕಾದನಂತೆ. ಅದಕ್ಕೆ ಸನದು ಬರೆದು ಐದೆಕರೆ ಬಿಟ್ಟುಕೊಟ್ಟರಂತೆ. ಕರೆದಾಗ ಬಂದು ನಿಲ್ಲಬೇಕು, ಅಷ್ಟೇ ಕರಾರು. ಗೆದ್ದವರೂ ಹೋದರು, ಸೋತವರೂ ಹೋದರು, ಕರಾರು ಉಳಿಯಿತು. ಇಂಗ್ರೇಜಿಯವರು ಈಟಿ ಕಸಿದುಕೊಂಡು ಕೋಲು ಕೊಟ್ಟು ಕಂದಾಯದ ಚೀಲ ಕಾಯಲು ಹಚ್ಚಿದರು. ಮುಂಬಯಿ ಸರಕಾರ ಎದೆಗೆ ಕಟ್ಟಿಕೊಳ್ಳಲು ಹಿತ್ತಾಳೆಯ ಬಿಲ್ಲೆ ಕೊಟ್ಟಿತು. ಮನೆ ಎರಡು ಕವಲಾದಾಗ ಹೊಲ ಒಡೆಯಲು ಸರಕಾರ ಬಿಡಲಿಲ್ಲ, ಅದಕ್ಕೆ ಬೇಕಾದದ್ದು ಒಬ್ಬ ಜವಾನ. ಆಗ ಹಿರಿಯರು ಪಾಳಿ ಹಚ್ಚಿದರು: ಒಂದು ವರ್ಷ ಹಿರಿಯ ಕವಲಿನವನು ಚಾಕರಿ ಮಾಡಿ ಹೊಲ ಉಣ್ಣುವುದು, ಮರುವರ್ಷ ಕಿರಿಯ ಕವಲಿನವನು. ಯುಗಾದಿಯ ಮುಂಜಾನೆ ಪಾಳಿ ಬಂದವನು ಬಿಲ್ಲೆ ಕಟ್ಟಿಕೊಂಡು ಚಾವಡಿಯ ಮುಂದೆ ನಿಂತು ‘ಹಾಜರ್’ ಎನ್ನಬೇಕು. ಅಂದರೆ ಆ ವರ್ಷ ಹೊಲ ಅವನದು.

ಚಾಕರಿ ನಿಂತು ಐವತ್ತು ವರ್ಷವಾಗುತ್ತ ಬಂತು. ಚಾವಡಿ ಈಗ ತಲಾಠಿಯ, ಅಂದರೆ ಗ್ರಾಮಲೆಕ್ಕಿಗರ, ಕೋಣೆಯಾಗಿ, ಯುಗಾದಿಯ ದಿನ ಅದಕ್ಕೆ ರಜೆಯ ಬೀಗ ಬೀಳುತ್ತದೆ. ಆದರೂ ಸನದಿಯವರು ವರ್ಷವರ್ಷವೂ ಬೀಗದ ಮುಂದೆ ನಿಂತು ಹಾಜರಿ ಹೇಳುತ್ತಲೇ ಬಂದರು. ಕಬ್ಬು ಹಚ್ಚಿದರೆ ಕಟಾವಿಗೆ ಬರುವ ಹೊತ್ತಿಗೆ ಪಾಳಿ ಬದಲಾಗುತ್ತದೆ. ದ್ರಾಕ್ಷಿಯಂತೂ ಹಣ್ಣು ಬಿಡಲು ಎರಡು ವರ್ಷ ಬೇಕು. ಬರುವ ವರ್ಷ ಇನ್ನೊಬ್ಬರು ಉಣ್ಣುವ ಹೊಲಕ್ಕೆ ಗೊಬ್ಬರದ ಚಕ್ಕಡಿ ಹೊಡೆಯುವ ಧರ್ಮಾತ್ಮರು ಎರಡೂ ಕವಲಿನಲ್ಲಿ ಹುಟ್ಟಲಿಲ್ಲ. ಬದು ಒಡೆದರೆ ಇವರು ಅವರ ಪಾಳಿಗೆ ಬಿಟ್ಟರು, ಅವರು ಇವರ ಪಾಳಿಗೆ ಬಿಟ್ಟರು. ಮೂಡಣ ಮೂಲೆಯ ಬಾವಿಯ ಹೂಳನ್ನು ಯಾರೂ ತೆಗೆಸದೆ ಅದರಲ್ಲಿ ಈಗ ಮೊಣಕಾಲು ನೀರು.

ಮನೆಯೂ ಹಾಗೆಯೇ, ಒಂದೇ ಪಡಸಾಲೆ, ನಡುವೆ ಎದೆಯುದ್ದದ ಗೋಡೆ, ಎರಡು ಒಲೆ. ಒಂದು ಕಡೆ ಹಿರಿಯ ಕವಲಿನ ರಾವಸಾಹೇಬರು, ಮಗ ಸಿದ್ದಲಿಂಗ, ಸೊಸೆ ದೀಪಾಲಿ, ಅವರ ಇಬ್ಬರು ಹೆಣ್ಣುಮಕ್ಕಳು. ಇನ್ನೊಂದು ಕಡೆ ಕಿರಿಯ ಕವಲಿನ ಶಿವಗಂಗವ್ವ ಒಬ್ಬಳೇ, ವರಸೆಯಲ್ಲಿ ರಾವಸಾಹೇಬರಿಗೆ ತಮ್ಮನ ಹೆಂಡತಿ. ಅವಳ ಗಂಡ ಕಾಡಸಿದ್ದ ಸತ್ತು ಇಪ್ಪತ್ತು ವರ್ಷ. ಮಗಳು ಗಿರಿಜವ್ವನನ್ನು ಹಾರೂಗೇರಿಗೆ ಕೊಟ್ಟಿದೆ. ಹಾಜರಿ ಹೇಳಲು ಗಂಡಸಿಲ್ಲದ ಮನೆಯ ಪಾಳಿ ಮುಳುಗಬೇಕಾಗಿತ್ತು. ‘ಆಕಿ ಬದಲಿ ನನ್ನ ಮಗ ನಿಲ್ಲತಾನ’ ಎಂದು ಅಂದು ರಾವಸಾಹೇಬರು ದೊಡ್ಡ ಮನಸ್ಸು ಮಾಡಿದ್ದರು. ಹದಿನಾಲ್ಕರ ಸಿದ್ದಲಿಂಗ ಬಿಲ್ಲೆ ಕಟ್ಟಿಕೊಂಡು ಚಿಗವ್ವನ ಪರವಾಗಿ ಹಾಜರ್ ಎಂದಿದ್ದ.

ಆ ಉಪಕಾರ ಶಿವಗಂಗವ್ವನ ಬೆನ್ನ ಮೇಲಿಂದ ಇಳಿಯಲೇ ಇಲ್ಲ. ಭಾವನ ಪಾಳಿಯ ವರ್ಷ ಅವಳು ಕೂಲಿ ಕೇಳದೆ ಕಳೆ ತೆಗೆಯುತ್ತಿದ್ದಳು. ತನ್ನ ಎಮ್ಮೆಗೆ ಒಂದು ಹೊರೆ ಕಣಿಕೆ ಬೇಕಾದರೂ ಗೋಡೆಯಾಚೆ ನಿಂತು ಕೇಳಿ ತರುತ್ತಿದ್ದಳು. ತಾಯಿ ಸತ್ತ ಸಿದ್ದಲಿಂಗನನ್ನು ಎಂಟು ವರ್ಷದವನಿದ್ದಾಗಿನಿಂದ ಉಣ್ಣಿಸಿದವಳು ಅವಳೇ, ಆದರೆ ಅದನ್ನು ಅವಳು ಉಪಕಾರದ ಕಡೆಗೆ ಹಿಡಿಯಲಿಲ್ಲ. ಲಗ್ನವಾಗಿ ಎರಡು ಮಕ್ಕಳಾದರೂ ಅವನು ಮುಂಜಾನೆಯ ರೊಟ್ಟಿಗೆ ಈ ಒಲೆಯ ಮುಂದೆಯೇ ಕುಳಿತುಕೊಳ್ಳುತ್ತಿದ್ದ. ದೀಪಾಲಿ ಮೊದಮೊದಲು ಮುಖ ಗಂಟು ಹಾಕಿ, ಆಮೇಲೆ ಒಂದು ಹೊತ್ತಿನ ರೊಟ್ಟಿ ತಪ್ಪಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ವರ್ಷ ಪಾಳಿ ಶಿವಗಂಗವ್ವನದು. ಸಂಕ್ರಮಣ ಮುಗಿದು ಜೋಳ ಹಾಲುಗಾಳಾಗಿತ್ತು. ಸಿದ್ದಲಿಂಗ ಹಂಗಾಮಿನಲ್ಲಿ ಮಂದಿಯ ಕಬ್ಬನ್ನು ಶಿರಗುಪ್ಪಿ ಕಡೆಯ ಸಕ್ಕರೆ ಕಾರ್ಖಾನೆಗೆ ಹೊಡೆಯುವ ಟ್ರಾಕ್ಟರಿನ ಡ್ರೈವರ್. ಅವತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಒಲೆಯ ಮುಂದೆ ಕುಕ್ಕರಿಸಿದ.

“ಚಿಗವ್ವಾ, ಇನ್ನ ನನ್ನ ಕಡೆ ಆಗೂದಿಲ್ಲ. ಎಷ್ಟ ವರ್ಷ ಮಂದಿ ಕಬ್ಬ ಹೊಡೀಲಿ?”

“ಮೊದಲ ಉಣ್ಣ. ಝುಣಕ ಆರತೈತಿ.”

“ಈ ಯುಗಾದಿಗೆ ಪಾಳಿ ಅಪ್ಪಂದು. ಎರಡ ಎಕರೆ ದ್ರಾಕ್ಷಿ ಹಚ್ಚತೀನಿ. ಬರೂ ವರ್ಷ ನಿನ್ನ ಪಾಳಿ ಬಂದ್ರ ನೀ ಬ್ಯಾಡ ಅನಬಾರದು. ಅದರ ಮುಂದಿಂದೂ ಅನಬಾರದು. ನಿನಗ ಕಾಳಕಡಿಗೆ ನಾ ಕಡಿಮಿ ಮಾಡಾಂಗಿಲ್ಲ.”

ಶಿವಗಂಗವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ದ್ರಾಕ್ಷಿಯ ಬೇರು ಇಳಿದ ಮೇಲೆ ತನ್ನ ಪಾಳಿ ಮತ್ತೆ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಗಿರಿಜವ್ವ ತವರಿಗೆ ಬಂದಾಗ ಒಂದು ಚೀಲ ಜೋಳ ಕೊಟ್ಟು ಕಳಿಸುವ ಹಕ್ಕೂ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಬಾಯಿ ತೆಗೆಯುವ ಮೊದಲೇ ಗೋಡೆಯಾಚೆಯಿಂದ ರಾವಸಾಹೇಬರ ಕೆಮ್ಮು ಕೇಳಿತು. “ನಾ ಇನ್ನೂ ಬದುಕೇನಿ. ಪಾಳಿ ಮುರಿಯೂದಿಲ್ಲ.”

“ಯಾಕ ಮುರೀಬಾರದು?” ಸಿದ್ದಲಿಂಗ ಗೋಡೆಗೇ ಹೇಳಿದ. “ಯಾವನೋ ರಾಜಾ ಯಾವನೋ ರಾಜಾನ ಕೂಡ ಹೊಡದಾಡಿದ. ಅವರ ಗೋರಿ ಸೈತ ಎಲ್ಲೈತೋ ಗೊತ್ತಿಲ್ಲ. ನಾವು ಇನ್ನೂ ಜ್ವಾಳಾ ಬಿತ್ತಾಕತ್ತೀವಿ!”

“ಹಾಜರಿ ತಪ್ಪಿದ್ರ ಸರಕಾರ ಹೊಲಾ ಹಿಡಕೊಳ್ಳತೈತಿ.”

“ಯಾವ ಸರಕಾರ? ಅದ ಬೀಗದ ಕೈ ಹಿಡಕೊಂಡ ಅಥಣ್ಯಾಗ ಕುಂತೈತಿ.”

“ನೀ ಎರಡ ಅಕ್ಷರ ಕಲತಾಂವ. ನಿನಗ ಭಾಳ ಗೊತ್ತ,” ಎಂದರು ರಾವಸಾಹೇಬರು. ಸಿದ್ದಲಿಂಗ ಅರ್ಧ ರೊಟ್ಟಿ ಬಿಟ್ಟು ಎದ್ದ. ಆ ಅರ್ಧವನ್ನು ಶಿವಗಂಗವ್ವ ಎಮ್ಮೆಗೆ ಹಾಕಿದಳು.

ಒಂದು ವಾರ ಮನೆಯಲ್ಲಿ ಅದೇ ಜಗಳ. ನೀರು ಕಾಯಿಸುವಾಗ ಶುರುವಾದರೆ ಹಾಸಿಗೆ ಹಾಸುವಾಗ ನಿಲ್ಲುತ್ತಿತ್ತು. ನಿಪ್ಪಾಣಿ ಕಡೆಯ ದೀಪಾಲಿಗೆ ಕನ್ನಡದಲ್ಲಿ ಸಿಟ್ಟು ಬರುತ್ತಿರಲಿಲ್ಲ. “ಪುರೇ ಝಾಲಂ! ಸಾಕಾತು!” ಎಂದು ಒಮ್ಮೆ ಭಾಂಡೆ ಕುಕ್ಕಿದಳು. “ಇಬ್ಬರೂ ಹೊರಗ ಹೋಗಿ ಜಗಳಾ ಮಾಡ್ರಿ. ಪೋರಿಗೋಳು ಅಭ್ಯಾಸ ಮಾಡೂದ ಹೆಂಗ?”

ಆಮೇಲೆ ಸಿದ್ದಲಿಂಗ ಸಾಲದ ಅರ್ಜಿಗೆ ಬೇಕೆಂದು ಹೊಲದ ಉತಾರೆ, ಅಂದರೆ ಪಹಣಿ, ತೆಗೆಸಲು ಅಥಣಿಗೆ ಹೋದ. ಮನೆಯ ಕಾಗದಪತ್ರವೆಲ್ಲ ಅದುವರೆಗೆ ರಾವಸಾಹೇಬರ ಪೆಟ್ಟಿಗೆಯಲ್ಲಿ. ಕಂದಾಯ ತುಂಬುವುದೂ ಅವರೇ, ಕೀಲಿ ಇರುವುದೂ ಅವರ ಉಡದಾರದಲ್ಲಿ. ಈಗ ಉತಾರೆ ಕಂಪ್ಯೂಟರಿನಲ್ಲಿ ಯಾರು ಕೇಳಿದರೂ ಸಿಗುವ ಕಾಲ. ಹೋದವನು ಸಂಜೆ ಬಂದು ಯಾರೊಡನೆಯೂ ಮಾತಾಡಲಿಲ್ಲ. ಮರುದಿನ ರೊಟ್ಟಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶಿವಗಂಗವ್ವ ಎರಡು ದಿನ ಅವನ ಪಾಲಿನ ರೊಟ್ಟಿ ಬಡಿದಿಟ್ಟು, ಮೂರನೆಯ ದಿನ ಹಿಟ್ಟು ಕಡಿಮೆ ಕಲಸಿದಳು.

ನಾಲ್ಕನೆಯ ದಿನ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದ. ಅವಳ ಕಣ್ಣು ತಪ್ಪಿಸಿ ಎಮ್ಮೆಯನ್ನು ನೋಡುತ್ತ, “ಸೋಮವಾರ ಅಥಣಿಗೆ ಬರಬೇಕ ಚಿಗವ್ವಾ. ಒಂದ ಹೆಬ್ಬಟ್ಟ ಒತ್ತೂದೈತಿ. ದ್ರಾಕ್ಷಿಗೆ ಒಪ್ಪಿಗಿ ಅಂತ, ಅಷ್ಟ,” ಎಂದ.

“ನಿಮ್ಮಪ್ಪ?”

“ಅಪ್ಪಗ ಆಮ್ಯಾಲ ಹೇಳೂಣು.”

ಅವಳು ಹೂಂ ಎಂದಳು. ಇಪ್ಪತ್ತು ವರ್ಷ ತನ್ನ ಬದಲಿಗೆ ನಿಂತವನು, ಒಂದು ಹೆಬ್ಬಟ್ಟಿಗೆ ಇಲ್ಲವೆನ್ನುವುದು ಹೇಗೆ?

ರವಿವಾರ ಮಧ್ಯಾಹ್ನ ದೀಪಾಲಿ ಮೊರದಲ್ಲಿ ತೊಗರಿ ಹಿಡಿದು ಈ ಕಡೆಗೆ ಬಂದು ಕುಳಿತಳು. ಹತ್ತು ಕಾಳು ಆರಿಸುವುದು, ಬಾಗಿಲು ನೋಡುವುದು.

“ಸಣ್ಣತ್ತಿ, ನಾ ಒಂದ ಹೇಳತೀನಿ. ನಾ ಹೇಳೇನಂತ ಯಾರಿಗೂ ಹೇಳಬ್ಯಾಡ್ರಿ.”

“ಏನವಾ?”

ಅವಳು ಸೆರಗಿನಿಂದ ಮಡಿಚಿದ ಕಾಗದ ತೆಗೆದಳು. “ಇದು ಉತಾರೆ. ಅವರ ಅಂಗಿ ಕಿಸೆದಾಗ ಇತ್ತು. ಇದರಾಗ ಹೊಲದ ಮಾಲಕ ಅಂತ ಒಬ್ಬರದ ಹೆಸರ ಐತಿ. ಭೀಮಸಿ ಸನದಿ. ಐದ ಎಕರೆ, ಪೂರಾ.”

“ನಮ್ಮ ಮಾವನ್ನ ಹೆಸರು ಅದು.”

“ಹೌದ್ರಿ. ಈ ಕಡೆಯವರದು ಒಂದ ಗುಂಟೆನೂ ಇಲ್ಲ. ಹೊಲಾ ಬರೋಬರ ನಿಮ್ಮದು. ನಾಳೆ ಒತ್ತೂದು ದ್ರಾಕ್ಷಿಗೆ ಒಪ್ಪಿಗಿ ಅಲ್ರಿ. ‘ನನ್ನ ಪೂರಾ ಹಕ್ಕ ಬಿಟ್ಟೇನಿ’ ಅಂತ ಬರಸ್ಯಾರ. ನಾ ಓದೇನಿ.”

ಶಿವಗಂಗವ್ವನ ಕೈ ಮೊರದಲ್ಲೇ ನಿಂತಿತು. “ನಿನ್ನ ಗಂಡನ ಮಾತು ನೀ ಯಾಕ ನನಗ ಹೇಳತಿ?” ಎಂದಳು.

“ನನಗ ಎರಡೂ ಹೆಣ್ಣ ಸಣ್ಣತ್ತಿ,” ಎಂದಳು ದೀಪಾಲಿ. “ಹಾಜರ್ ಅನ್ನಾಕ ಗಂಡಸ ಬೇಕಂತಾರ ಈ ಮನ್ಯಾಗ. ನಾಳೆ ನನ್ನ ಹೆಬ್ಬಟ್ಟೂ ಯಾರರೆ ಕೇಳತಾರ.”

ಸೋಮವಾರ ಮುಂಜಾನೆ ಸಿದ್ದಲಿಂಗ ತೊಳೆದ ಅಂಗಿ ತೊಟ್ಟು ಬಂದಾಗ ಶಿವಗಂಗವ್ವ ಒಲೆಯ ಮುಂದೆ ಎಡಗೈಯ ಹೆಬ್ಬೆರಳಿಗೆ ಹರಕು ಅರಿವೆ ಸುತ್ತಿಕೊಂಡು ಕುಳಿತಿದ್ದಳು.

“ಕುಡಗೋಲ ತಾಗೇತಿ. ಅರಿಷಿಣ ಹಚ್ಚೇನಿ.”

“ಇನ್ನೊಂದ ಐತೆಲ್ಲಾ?”

ಅವಳು ಬಲಗೈಯನ್ನೂ ಎತ್ತಿ ತೋರಿಸಿದಳು. ಅದಕ್ಕೂ ಅರಿವೆ. ಸಿದ್ದಲಿಂಗ ಆ ಎರಡು ಹೆಬ್ಬೆರಳನ್ನೂ ನೋಡಿದ, ಅವಳ ಮುಖವನ್ನೂ ನೋಡಿದ. ಒಂದೇ ದಿನ ಒಂದೇ ಕುಡಗೋಲು ಎರಡೂ ಹೆಬ್ಬೆರಳಿಗೆ ತಾಗುವುದಿಲ್ಲ ಎಂಬುದು ಅವನಿಗೂ ಗೊತ್ತು. ತಿರುಗಿ ಹೊರಬಿದ್ದ.

ಜೋಳ ಕೊಯ್ಯುವ ದಿನ ರಾವಸಾಹೇಬರು ಎಂದಿನಂತೆ ಕೋಲೂರಿಕೊಂಡು ಹೊಲಕ್ಕೆ ಬಂದು ಬಾವಿಯ ಬೇವಿನಡಿ ಕುಳಿತರು. ಮೊಣಕಾಲು ಎರಡೂ ಬಾತಿದ್ದವು. ಶಿವಗಂಗವ್ವ ಹೆಣ್ಣಾಳುಗಳಿಗೆ ಬುತ್ತಿ ಬಿಚ್ಚಿ ಕೊಟ್ಟು, ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಇಟ್ಟುಕೊಂಡು ಅವರ ಕಡೆ ಬಂದಳು. ರೊಟ್ಟಿ ಮುಂದಿಟ್ಟು, ಎಂದೂ ಇಲ್ಲದ್ದು, ಎದುರಿಗೇ ಕುಳಿತಳು.

“ಹೊಲಾ ನಮ್ಮ ಮಾವನ ಹೆಸರಿಲೆ ಐತಿ ಅನ್ನೂದು ನಿಮಗ ಗೊತ್ತಿತ್ತೇನ್ರಿ?”

ರಾವಸಾಹೇಬರು ರೊಟ್ಟಿ ಮುರಿಯುತ್ತಿದ್ದವರು ಹಾಗೇ ಇಟ್ಟರು.

“ಗೊತ್ತಿತ್ತು.”

“ಎಂದಿನಿಂದ?”

“ಚಾಕರಿ ತಗದ ವರ್ಷದಿಂದ. ಆಗ ನಾ ಹದಿನೆಂಟರಾಂವ. ಸಾಹೇಬ ಚಾವಡಿಗೆ ಬಂದು ಕುಂತ. ‘ಸನದಿ ಯಾರು, ಮುಂದ ಬರ್ರಿ’ ಅಂದ. ಆ ವರ್ಷ ಪಾಳಿ ನಿಮ್ಮ ಮಾವ ಭೀಮಸಿಂದು. ಅಂವಾ ಮುಂದ ಬಂದು ಹಾಜರ್ ಅಂದ. ನಮ್ಮಪ್ಪ ವಿಠೋಬಾ ಹಿಂದ ನಿಂತಿದ್ದ, ಅವಗ ಮಾತಾಡೂ ಪಾಳಿ ಇರಲಿಲ್ಲ. ಸಾಹೇಬ ಹೊಲಾ ಅವನ ಹೆಸರಿಗೆ ಬರಕೊಂಡ ಹೋದ. ಆ ಸಾಹೇಬ ಒಂದ ವರ್ಷ ತಡಾ ಮಾಡಿ ಬಂದಿದ್ರ ಹೊಲಾ ನಮ್ಮದಾಗತಿತ್ತು.”

“ನಮ್ಮ ಮಾವ ಏನಂದ್ರು?”

“ಭೀಮಸಿ ಚಲೋ ಮನಶ್ಯಾ. ಬಿಲ್ಲೆ ಮುಟ್ಟಿ ಆಣಿ ಮಾಡಿದ. ಕಾಗದ ಏನರೆ ಇರಲಿ, ಪಾಳಿ ನಡೀತೈತಿ ಅಂದ. ನಿನ್ನ ಗಂಡಗೂ ಹೇಳಿದ್ದ. ಅಂವಾ ಇರೂತನಕ ನಡಸಿದ. ಅಂವಾ ಸತ್ತ ಮ್ಯಾಲ...” ಅವರು ಮೊಣಕಾಲು ತಿಕ್ಕಿಕೊಂಡರು. “ನಿನ್ನ ತವರಿನ ಅಣ್ಣತಮ್ಮರು ಬಂದು ಕಾಗದ ತಗಸಿದ್ರ ನಾ ಎಲ್ಲಿ ಹೋಗಲಿ? ನನಗ ಇದ್ದದ್ದು ಪಾಳಿ ಒಂದ. ಅದಕ ಅದನ್ನ ಗಟ್ಟಿ ಹಿಡದ್ನಿ. ಹಾಜರಿ ನಾ ಸರಕಾರಕ್ಕ ಹೇಳಲಿಲ್ಲ ಶಿವಗಂಗಾ. ಐವತ್ತ ವರ್ಷ ನಿಮ್ಮ ಮನಿಗೆ ಹೇಳೇನಿ. ಮರೀಬ್ಯಾಡ್ರಿ, ನಾನೂ ಅದೇನಿ ಅಂತ.”

ಶಿವಗಂಗವ್ವನಿಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. “ಒಂದ ಹೊರಿ ಕಣಿಕಿಗೆ ನಿಮ್ಮ ಗ್ವಾಡಿ ಮುಂದ ನಿಂತೇನ್ರಿ ನಾ. ಇಪ್ಪತ್ತ ವರ್ಷ. ನಿಮ್ಮ ಪಾಳಿ ವರ್ಷ ಕೂಲಿ ಇಲ್ಲದ ಕಳೆ ತಗದೇನಿ. ನನ್ನ ಹೊಲದಾಗ. ನಿಮಗ ಒಂದ ದಿನಾನೂ ಬಾಯಿಗೆ ಬರಲಿಲ್ಲೇನ್ರಿ?”

“ಬಂದಿತ್ತು. ಅಂಜಿದ್ನಿ.”

ಅಷ್ಟೇ ಹೇಳಿ ಅವರು ರೊಟ್ಟಿಯನ್ನು ಅವಳ ಕಡೆ ಸರಿಸಿದರು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ, ಎದ್ದು ಹೋಗಿ ಹೆಣ್ಣಾಳುಗಳ ಸಾಲು ಹಿಡಿದಳು. ಸಂಜೆಯ ತನಕ ಒಂದು ಕ್ಷಣ ಸೊಂಟ ಎತ್ತಲಿಲ್ಲ.

ವಿಷಯ ಹಾರೂಗೇರಿಗೆ ಹೇಗೆ ಮುಟ್ಟಿತೋ, ಶಿವರಾತ್ರಿಯ ಮರುದಿನ ಗಿರಿಜವ್ವ ಚೀಲ ಹಿಡಿದು ಬಂದಿಳಿದಳು. ಕಾಲು ತೊಳೆಯುವ ಮೊದಲೇ ಮಾತು ಶುರು ಮಾಡಿದಳು.

“ಯವ್ವಾ, ಇನ್ನೇನ ವಿಚಾರ ಮಾಡತಿ? ವಾರಸಾ ಹಚ್ಚು. ನಿನ್ನ ಹೆಸರು, ನನ್ನ ಹೆಸರು. ಅವರು ಹೊರಗ ನಡೀಲಿ. ಇಷ್ಟ ವರ್ಷ ಉಂಡಾರಲ್ಲಾ, ಸಾಕು.”

“ಉಂಡದ್ದು ಪಾಳಿಲೆ ಉಂಡಾರ.”

“ಕಾಗದದಾಗ ಪಾಳಿ ಐತೇನು?”

“ಇಲ್ಲ.”

“ಮತ್ತ?”

ಗೋಡೆಯಾಚೆ ಎಲ್ಲವೂ ಕೇಳುತ್ತಿತ್ತು. ಸಿದ್ದಲಿಂಗ ತಡೆಯಲಾರದೆ ಗೋಡೆಯ ಬದಿಗೆ ಬಂದು ನಿಂತ. “ಇಪ್ಪತ್ತ ವರ್ಷ ಇವರ ಬದಲಿ ಹಾಜರ್ ಅಂದಾಂವ ನಾ. ಗಿರಿಜಕ್ಕಾ, ನೀ ಆವಾಗ ಎಲ್ಲಿದ್ದಿ?”

“ನಾ ಹೆಣ್ಣಲೇ. ನನಗ ಅನ್ನಾಕ ಬಿಟ್ಟರೇನು? ನೀ ಅಂದಿದ್ದಕ್ಕ ನನ್ನವ್ವನ ಹೆಬ್ಬಟ್ಟ ಕದಿಯಾಕ ಹ್ವಾದಿ!”

“ಗಿರಿಜಾ, ಸುಮ್ಮನಿರು,” ಎಂದಳು ಶಿವಗಂಗವ್ವ. ಆಮೇಲೆ ಸಿದ್ದಲಿಂಗನ ಕಡೆ ತಿರುಗಿದಳು. ಅವನನ್ನು ನೋಡಿದರೆ ಅವಳಿಗೆ ಎಂಟು ವರ್ಷದ ಹುಡುಗನೇ ಕಾಣುತ್ತಿದ್ದ, ಅದೇ ಸಂಕಟ. “ನೀ ಬಾಯಿ ತಗದು ಕೇಳಿದ್ರ ನಾ ಕೊಡತಿದ್ನೋ ಏನೋ. ನೀ ಕೇಳಲಿಲ್ಲ. ಅದ ನನಗ ಉರೀತು.”

ಅವನು ತಲೆ ತಗ್ಗಿಸಿದ. ಮಾಡಿದ್ದು ತಪ್ಪೆಂದು ಬಾಯಲ್ಲಿ ಬರಲಿಲ್ಲ. ಗಂಡಸರ ಬಾಯಲ್ಲಿ ಅದು ಬರಲು ಬಹಳ ದೂರದಿಂದ ಬರಬೇಕು. ಗಿರಿಜವ್ವ ಎರಡು ದಿನವಿದ್ದು, ತಾಯಿಯ ಬಾಯಿಂದ ಹೌದು ಅಲ್ಲ ಎರಡೂ ಹೊರಡದೆ ಹೋದದ್ದಕ್ಕೆ ಸಿಟ್ಟಾಗಿ ಮೂರನೆಯ ದಿನದ ಬಸ್ಸು ಹತ್ತಿದಳು.

ಯುಗಾದಿಗೆ ಇನ್ನು ನಾಲ್ಕು ವಾರ ಉಳಿದಿತ್ತು. ಅಷ್ಟು ದಿನ ಮನೆಯಲ್ಲಿ ಜಗಳವೂ ಇರಲಿಲ್ಲ, ಅದು ಇನ್ನೂ ಕೆಟ್ಟದ್ದು. ಸಿದ್ದಲಿಂಗ ಮುಂಜಾನೆ ಹಸಿದ ಹೊಟ್ಟೆಯಲ್ಲೇ ಟ್ರಾಕ್ಟರಿಗೆ ಹೋಗುತ್ತಿದ್ದ. ರಾವಸಾಹೇಬರು ಕೆಮ್ಮುವುದನ್ನೂ ತಗ್ಗಿಸಿ ಕೆಮ್ಮುತ್ತಿದ್ದರು. ದೀಪಾಲಿಯ ಹಿರಿಮಗಳು ಸಪನಾ ಈ ಕಡೆಯ ಬೆಲ್ಲ ಕೇಳಲು ಬಂದರೆ ಆ ಕಡೆಯಿಂದ ಯಾರಾದರೂ ಹಿಂದಕ್ಕೆ ಕರೆಯುತ್ತಿದ್ದರು. ಜೋಳ ಒಕ್ಕಿ, ತೂರಿ, ಚೀಲ ಕಟ್ಟಿ ಆಯಿತು. ಕಣಿಕೆಯ ಬಣಿವೆ ಒಟ್ಟಿದ್ದಾಯಿತು. ಶಿವಗಂಗವ್ವ ಇಡೀ ದಿನ ದುಡಿದು ಒಂದು ರೊಟ್ಟಿ ಬಡಿದು, ಅದನ್ನೂ ಪೂರ್ತಿ ಉಣ್ಣದೆ ಮಲಗುತ್ತಿದ್ದಳು. ಗೆದ್ದವಳು ತಾನು ಎಂದು ಊರು ಆಡುತ್ತಿತ್ತು. ಗೆದ್ದರೆ ಇಷ್ಟು ದಣಿವಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಿಲ್ಲೆ ಅವಳ ದೇವರ ಜಗುಲಿಯ ಮೇಲಿತ್ತು. ಪಾಳಿ ಇದ್ದವರ ಜಗುಲಿಯ ಮೇಲೆ ಅದು ವರ್ಷ ಪೂರ್ತಿ ಇದ್ದು, ಯುಗಾದಿಯ ಮುಂಜಾನೆ ಆಚೆಯವರ ಕೈಗೆ ಹೋಗಬೇಕು. ಅವಳು ಕೊಡದಿದ್ದರೆ ಮುಗಿಯಿತು, ಕೋರ್ಟು ಬೇಡ, ಕಚೇರಿ ಬೇಡ. ಇದು ಇಡೀ ಮನೆಗೆ ಗೊತ್ತಿತ್ತು.

ಯುಗಾದಿಯಂದು ಅವಳು ನಸುಕಿಗೇ ಮಿಂದು, ಬೇವು ಬೆಲ್ಲ ಕಲಸಿ, ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅಕ್ಷರ ಸವೆದು ನುಣ್ಣಗಾದ ಹಿತ್ತಾಳೆ. ಅದನ್ನು ತಾಟಿನಲ್ಲಿಟ್ಟುಕೊಂಡು ಗೋಡೆಯನ್ನು ಸುತ್ತಿ ಆ ಕಡೆಗೆ ಹೋದಳು. ರಾವಸಾಹೇಬರು ತಲೆಗೆ ಹೊಸ ಪಟಗ ಸುತ್ತದೆ, ಹಳೆಯ ಧೋತರದಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದರು.

“ಏಳ್ರಿ. ಪಾಳಿ ನಿಮ್ಮದು.”

ಅವರು ತಾಟನ್ನು ನೋಡಿದರು, ಅವಳನ್ನು ನೋಡಿದರು. ಪಟಗ ಸುತ್ತಿಕೊಳ್ಳುವಾಗ ದೀಪಾಲಿ ತುದಿ ಹಿಡಿದು ಕೊಟ್ಟಳು. ಬಿಲ್ಲೆ ಕಟ್ಟಿಕೊಂಡು ಹೊರಟರು. ಮೊಣಕಾಲು ನೋವಿಗೆ ಯಾರಾದರೂ ಜೊತೆಗೆ ಬೇಕಿತ್ತು. ಸಿದ್ದಲಿಂಗ ಮುಂದೆ ಬರುವ ಮೊದಲೇ ಶಿವಗಂಗವ್ವ ಸೆರಗು ಹೊದ್ದು ಅವರ ಹಿಂದೆ ನಡೆದಳು. ಸನದಿಯವರ ಹೆಣ್ಣುಮಗಳು ಹಾಜರಿಗೆ ಹೋದದ್ದು ಅದೇ ಮೊದಲು, ಆದರೆ ಊರು ಹಬ್ಬದ ಗದ್ದಲದಲ್ಲಿ ಗಮನಿಸಲಿಲ್ಲ.

ಚಾವಡಿಗೆ ಬೀಗ ಇರಲಿಲ್ಲ. ಒಳಗೆ ಹೊಸದಾಗಿ ಬಂದ ತಲಾಠಿ, ಇಪ್ಪತ್ತೈದರ ಹೆಣ್ಣುಮಗಳು, ಯಾವುದೋ ಪಟ್ಟಿ ಮುಗಿಸುವ ಅವಸರದಲ್ಲಿ ಹಬ್ಬದ ಸೀರೆಯಲ್ಲೇ ಬಂದು ಕುಳಿತಿದ್ದಳು. ಐವತ್ತು ವರ್ಷ ಮುಚ್ಚಿದ ಬಾಗಿಲಿಗೆ ಹೇಳಿದ್ದ ರಾವಸಾಹೇಬರು ತೆರೆದ ಬಾಗಿಲು ಕಂಡು ತಡವರಿಸಿದರು. ಆಮೇಲೆ ಕೋಲು ಬದಿಗಿಟ್ಟು, ನೆಟ್ಟಗೆ ನಿಂತು, “ಹಾಜರ್,” ಎಂದರು.

ಅವಳು ತಲೆ ಎತ್ತಿದಳು. “ಯಾತರ ಹಾಜರಿರಿ ಅಜ್ಜಾರ? ಉದ್ಯೋಗ ಖಾತ್ರೀದೇನು? ಅದು ಪಂಚಾಯತಿಯೊಳಗ. ಇವತ್ತ ರಜಾ ಐತಿ, ನಾಳೆ ಬರ್ರಿ.”

ಶಿವಗಂಗವ್ವ ಮುಂದೆ ಬಂದು, “ಏನೂ ಇಲ್ಲವಾ, ಹಬ್ಬ ಅಲ್ಲಾ, ಸುಮ್ಮ ಬಂದಿದ್ವಿ,” ಎಂದು ಸೆರಗಿನ ಗಂಟು ಬಿಚ್ಚಿ ಅವಳ ಕೈಗೆ ಚೂರು ಬೇವುಬೆಲ್ಲ ಹಾಕಿದಳು. ತಲಾಠಿ ನಕ್ಕು ಬಾಯಿಗೆ ಹಾಕಿಕೊಂಡು ಮತ್ತೆ ಪಟ್ಟಿಗೆ ಬಗ್ಗಿದಳು.

ಇಬ್ಬರೂ ಮನೆಯ ದಾರಿ ಬಿಟ್ಟು ಹೊಲದ ದಾರಿ ಹಿಡಿದರು. ಕೊಯ್ದ ಹೊಲದಲ್ಲಿ ಜೋಳದ ಕೂಳೆ ಚುಚ್ಚುತ್ತಿತ್ತು. ಬೇವಿನಡಿ ಕುಳಿತ ಮೇಲೆ ರಾವಸಾಹೇಬರು ಬಿಲ್ಲೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು.

“ಈಗರೆ ಏನ ಮಾಡತಿ ಹೇಳು. ಏನ ಹೇಳಿದ್ರೂ ಕೇಳತೀನಿ.”

“ಹೊಲಾ ಎರಡ ಮಾಡೂಣು. ಹಗ್ಗಾ ಹಾಕಿ ಅಳದು, ಎರಡ ಉತಾರೆ. ಒಂದ ನಂದು, ಗಿರಿಜಾಂದು. ಒಂದ ನಿಮ್ಮದು. ನಿಮ್ಮದರಾಗ ದೀಪಾಲಿ ಹೆಸರೂ ಕೂಡಸಬೇಕು.”

“ಹೆಣ್ಣಮಕ್ಕಳ ಹೆಸರ?”

“ಹಾಜರ್ ಅನ್ನಾಕ ಗಂಡಸ ಬೇಕಾಗಿತ್ತು. ಹಾಜರಿ ಕೇಳಾವರ ಇಲ್ಲೀಗ. ನೀವ ನೋಡಿದ್ರೆಲ್ಲಾ.”

ರಾವಸಾಹೇಬರ ಕಣ್ಣಂಚು ಒದ್ದೆಯಾಗಿತ್ತು, ಪಟಗದ ಸೆರಗಿನಿಂದ ಒರೆಸಿಕೊಂಡರು. “ಪೂರಾ ನಿಂದ ಇತ್ತ. ಅರ್ಧಾ ಕೊಡತಿ. ಯಾವ ಅರ್ಧಾ ನಿಂದು?”

“ಬಾಂವಿ ಕಡೀದು.”

ರಾವಸಾಹೇಬರು ಅಳು ಮರೆತು ನಕ್ಕುಬಿಟ್ಟರು. “ಭಾಳ ಶಾಣ್ಯಾಕಿ ಆದಿ.”

“ಇಪ್ಪತ್ತ ವರ್ಷ ಕಣಿಕಿ ಬೇಡೇನ್ರಿ.”

“ಮತ್ತ ನಮ್ಮ ದ್ರಾಕ್ಷಿಗೆ ನೀರ?”

“ಹೂಳ ಇಬ್ಬರೂ ಕೂಡಿ ತಗಸೂಣು, ಒಂದ ಮೋಟರ್ ಕೂಡಸೂಣು. ಒಂದಿನ ನಮ್ಮ ಕಡೆ ಹರೀಲಿ, ಒಂದಿನ ನಿಮ್ಮ ಕಡೆ.”

“ಅಂದ್ರ ಪಾಳಿನ,” ಎಂದರು ರಾವಸಾಹೇಬರು.

“ಹೂಂ, ಪಾಳಿನ. ನಿಮ್ಮ ಪಾಳಿ ದಿನ ಮುಂಜಾನೆ ಸಿದ್ದಲಿಂಗ ನನ್ನ ಬಾಗಲಕ್ಕ ಬಂದು ಹಾಜರಿ ಹೇಳಬೇಕು. ಆ ಮ್ಯಾಲ ಮೋಟರ್ ಕೀಲಿ ಕೊಡತೀನಿ.”

ಹಗ್ಗ ಹಾಕಿದ್ದು, ಅರ್ಜಿ ಕೊಟ್ಟದ್ದು, ಗಿರಿಜವ್ವ ಅರ್ಧಕ್ಕೆ ಮುನಿಸಿಕೊಂಡು ಕೊನೆಗೆ ತನ್ನ ಹೆಸರು ಕೇಳಿ ಒಪ್ಪಿದ್ದು, ಎಲ್ಲ ಆಗಲು ತಿಂಗಳು ಹಿಡಿಯಿತು. ಬಾವಿಯ ಹೂಳಿನಲ್ಲಿ ಮುರಿದ ಕೊಡ, ಎತ್ತಿನ ಗಂಟೆ, ಒಂದು ತುಕ್ಕು ಹಿಡಿದ ಈಟಿಯ ಮೊನೆ ಸಿಕ್ಕವು. ಈಟಿಯನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ದನದ ಕೊಟ್ಟಿಗೆಯ ಗೋಡೆಗೆ ಬಡಿದು ಎಮ್ಮೆಯ ಹಗ್ಗ ತೂಗುಹಾಕಿದರು. ನೀರು ಮೂರಾಳು ಏರಿತು. ಆಚೆಯ ಅರ್ಧದಲ್ಲಿ ದ್ರಾಕ್ಷಿಯ ಬೇರುಗಡ್ಡಿ ನೆಟ್ಟಾಯಿತು.

ಮೊದಲ ನೀರಿನ ದಿನ ಶಿವಗಂಗವ್ವ ಎಂದಿಗಿಂತ ಮುಂಚೆ ಎದ್ದು ಹಿಟ್ಟು ಕಲಸಿದಳು. ಎರಡನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಹೊಸ್ತಿಲ ಹೊರಗೆ ನೆರಳು ಬಂದು ನಿಂತಿತು. ಎರಡೂವರೆ ತಿಂಗಳಿಂದ ಆ ಹೊಸ್ತಿಲು ದಾಟದ ನೆರಳು. ನಿಂತಿತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿತು, ಗಂಟಲು ಸರಿಮಾಡಿಕೊಂಡಿತು. ಅವಳು ತಿರುಗಿ ನೋಡಲಿಲ್ಲ.

“ಹಾಜರ್, ಚಿಗವ್ವಾ,” ಎಂದ ಸಿದ್ದಲಿಂಗ.

ಮೋಟರಿನ ಕೀಲಿ ಗೂಟಕ್ಕೆ ತೂಗುತ್ತಿತ್ತು. ಶಿವಗಂಗವ್ವ ಅದರ ಕಡೆ ನೋಡದೆ ರೊಟ್ಟಿಯನ್ನು ತಾಟಿಗೆ ಹಾಕಿ, ಮೇಲೆ ಝುಣಕ ಬಡಿಸಿದಳು.

“ಒಳಗ ಬಾ. ಆರತೈತಿ.”